ಮೂರು ಬೇಸಿಗೆ ತಿರುಗಿಸಿದ ಐಸ್ ಗೋಲಾ ಮೆಷಿನ್: ಏನು ಮುರಿಯಿತು, ಏನು ಉಳಿಯಿತು

ಕೈಯಲ್ಲಿ ತಿರುಗಿಸುವ ಐಸ್ ಗೋಲಾ ಮೆಷಿನ್ ತಗೊಳ್ಳಬೇಕಾ ಬೇಡವಾ ಎಂದು ಯೋಚಿಸುತ್ತಿದ್ದೀರಾ? ತಗೊಳ್ಳಿ. ಆದರೆ ಡಬ್ಬಿಯ ಮೇಲಿನ ಫೋಟೊ ನಂಬಿ ತಗೊಳ್ಳಬೇಡಿ. ಆ ಫೋಟೊದಲ್ಲಿರುವ ಹತ್ತಿಯಂಥ ಗೋಲಾ ಈ ಮೆಷಿನ್‌ನಲ್ಲೂ ಬರುತ್ತದೆ, ಸುಳ್ಳಲ್ಲ. ಅದಕ್ಕೆ ಮೆಷಿನ್ ಮಾಡುವ ಕೆಲಸ ಕಮ್ಮಿ, ಐಸ್ ಮತ್ತು ಸಿರಪ್ ಮಾಡುವ ಕೆಲಸ ಜಾಸ್ತಿ. ಈ ವಿಷಯ ಡಬ್ಬಿಯೊಳಗಿನ ಚೀಟಿಯಲ್ಲಿ ಎಲ್ಲೂ ಇಲ್ಲ.

ಕಂಪನಿ ಹೆಸರು ಹೇಳುತ್ತಿಲ್ಲ. ಹೇಳಿದರೂ ಪ್ರಯೋಜನ ಇಲ್ಲ. ಇದೇ ಅಚ್ಚಿನ ಮೆಷಿನ್ ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುತ್ತದೆ, ಬಣ್ಣ ಮಾತ್ರ ಬೇರೆ. ಪ್ಲಾಸ್ಟಿಕ್ ಮೈ, ಮೇಲೆ ಹಿಡಿಕೆ, ಒಳಗೆ ಮುಳ್ಳುಮುಳ್ಳಾದ ಒಂದು ಒತ್ತುಬಿಲ್ಲೆ. ಹಿಡಿಕೆ ತಿರುಗಿಸಿದರೆ ಆ ಬಿಲ್ಲೆ ಐಸ್ ಗಡ್ಡೆಯನ್ನು ಕೆಳಗಿನ ಬ್ಲೇಡಿಗೆ ಒತ್ತಿ ಸುತ್ತಿಸುತ್ತದೆ. ಹೆರೆದ ಐಸ್ ಅಡಿಯ ಬಟ್ಟಲಿಗೆ ಬೀಳುತ್ತದೆ. ಅಷ್ಟೇ, ಗೇರ್ ಗೀರ್ ಏನೂ ಇಲ್ಲ. ಪಕ್ಕದಲ್ಲಿ ಹಿಡಿಕೆ ಇರುವ ಮಾಡೆಲ್‌ಗಳಲ್ಲಿ ಪ್ಲಾಸ್ಟಿಕ್ ಗೇರ್ ಇರುತ್ತದೆ. ಐಸ್ ಸಿಕ್ಕಿಕೊಂಡಾಗ ಜೋರಾಗಿ ತಿರುಗಿಸಿದರೆ ಮೊದಲು ಹಲ್ಲು ಉದುರುವುದು ಅದರದ್ದೇ. ಹಾಗಾಗಿ ಹಿಡಿಕೆ ಮೇಲಿರುವುದನ್ನೇ ಆರಿಸಿ. ನಾನು ಕೊಟ್ಟಿದ್ದು ಐನೂರು ಚಿಲ್ಲರೆ ರೂಪಾಯಿ.

ನಾವಿರುವುದು ಬಳ್ಳಾರಿಯಲ್ಲಿ. ಇಲ್ಲಿನ ಏಪ್ರಿಲ್ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಗೋಲಾ ಮಾರುವ ಗಾಡಿಯ ಗಂಟೆ ಕೇಳಿದರೆ ಸಾಕು, ಚಪ್ಪಲಿ ಹಾಕದೆ ಓಡುತ್ತಿದ್ದರು. ನನಗೆ ಗಾಡಿಯವರ ಮೇಲೆ ಸಿಟ್ಟಿಲ್ಲ, ಅನುಮಾನ ಇದ್ದದ್ದು ಬಣ್ಣದ ಮೇಲೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ರೋಡಮೈನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣದ ಸುದ್ದಿ ಆಗ ಮನೆಮನೆ ಮಾತಾಯಿತು. ಐಸ್‌ದೂ ಒಂದು ಕಥೆ ಇದೆ. ತಿನ್ನಲು ಯೋಗ್ಯವಲ್ಲದ ಐಸ್ ಗುರುತು ಸಿಗಲಿ ಎಂದು ಅದಕ್ಕೆ ನೀಲಿ ಬಣ್ಣ ಹಾಕಬೇಕೆಂಬ ಸೂಚನೆ 2018ರಲ್ಲೇ ಬಂದಿದೆ. ನಮ್ಮ ಬೀದಿಯಲ್ಲಂತೂ ನೀಲಿ ಐಸ್ ನಾನು ಒಮ್ಮೆಯೂ ನೋಡಿಲ್ಲ. 2024ರ ಆ ಬೇಸಿಗೆಯಲ್ಲೇ ಮೆಷಿನ್ ಮನೆಗೆ ಬಂತು.

ಈಗ ಅಸಲು ವಿಷಯಕ್ಕೆ ಬರೋಣ. ಹೊಸದಾಗಿ ಕೊಂಡವರೆಲ್ಲ ಒಂದೇ ದೂರು ಹೇಳುತ್ತಾರೆ: ಗಾಡಿಯವನ ಗೋಲಾ ಕಡ್ಡಿಗೆ ಕಚ್ಚಿಕೊಂಡು ನಿಲ್ಲುತ್ತದೆ, ನಮ್ಮದು ಮರಳು ಮರಳಾಗಿ ಉದುರುತ್ತದೆ. ಕಾರಣ ಸರಳ. ಗಾಡಿಯ ಮೇಲಿರುವ ಐಸ್ ಗಡ್ಡೆ ಗೋಣಿಚೀಲದಡಿ ಸುಮ್ನೆ ಕರಗುತ್ತಾ ಕೂತಿರುತ್ತದೆ. ಅಂದರೆ ಅದರ ಮೈ ಸುಮಾರು 0 ಡಿಗ್ರಿಯಲ್ಲಿರುತ್ತದೆ. ನಮ್ಮ ಫ್ರೀಜರ್ ಐಸ್ ಇರುವುದು ಮೈನಸ್ 18ರ ಆಸುಪಾಸು. ಅಷ್ಟು ತಣ್ಣಗಿರುವ ಐಸ್ ಗಡಸು, ಒಣ. ಬ್ಲೇಡ್ ತಾಗಿದರೆ ಹೆರೆಯುವ ಬದಲು ಚೂರಾಗುತ್ತದೆ. ಆ ಪುಡಿಯನ್ನು ಎಷ್ಟು ಒತ್ತಿದರೂ ಒಂದಕ್ಕೊಂದು ಅಂಟುವುದಿಲ್ಲ. ಕರಗುವ ಹಂತಕ್ಕೆ ಹತ್ತಿರ ಬಂದ ಐಸ್ ಮಾತ್ರ ಒತ್ತಿದಾಗ ಕೂಡಿಕೊಳ್ಳುತ್ತದೆ.

ಹಾಗಾಗಿ ಐಸನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಮೆಷಿನ್‌ಗೆ ಹಾಕಬಾರದು. ಒಂದು ತಟ್ಟೆಯಲ್ಲಿಟ್ಟು ಕಾಯಿರಿ. ಮೊದಲು ಅದರ ಮೇಲೆ ಬಿಳಿ ಹಿಮದ ಪೊರೆ ಇರುತ್ತದೆ, ಬೆರಳು ಮುಟ್ಟಿದರೆ ಅಂಟುತ್ತದೆ. ಸ್ವಲ್ಪ ಹೊತ್ತಿಗೆ ಆ ಪೊರೆ ಮಾಯವಾಗಿ ಮೈಯೆಲ್ಲಾ ಗಾಜಾಗುತ್ತದೆ, ಬೆರಳು ಜಾರುತ್ತದೆ. ಅದೇ ಸಮಯ. ನಮ್ಮೂರ ಮಧ್ಯಾಹ್ನಕ್ಕೆ 5 ನಿಮಿಷ ಸಾಕು, ಮಡಿಕೇರಿಯ ಕಡೆಯವರಿಗೆ 10-15 ಬೇಕಾಗಬಹುದು. ಆಮೇಲೆ ತಿರುಗಿಸಿ ನೋಡಿ, ಕರಕರ ಸದ್ದು ಹೋಗಿ ಸರಸರ ಸದ್ದು ಬರುತ್ತದೆ. ಬಟ್ಟಲಿಗೆ ಬೀಳುವುದು ಪುಡಿ ಅಲ್ಲ, ತೆಳ್ಳನೆ ಪದರ. ಜಪಾನಿನಲ್ಲಿ ಕಾಕಿಗೋರಿ, ಅಂದರೆ ಅಲ್ಲಿನ ಹೆರೆದ ಐಸ್ ತಿನಿಸು ಮಾಡುವವರೂ ಐಸನ್ನು ಹೀಗೇ ಹೊರಗಿಟ್ಟು ಹದ ಮಾಡಿಯೇ ಹೆರೆಯುತ್ತಾರೆ. ಗಾಡಿಯವನಿಗೆ ಆ ಹದವನ್ನು ಬಿಸಿಲೇ ಮಾಡಿಕೊಡುತ್ತದೆ.

ನೀರಿನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಬೋರ್ ನೀರು ಗಡಸು. ಅದರಲ್ಲಿ ಐಸ್ ಮಾಡಿದರೆ ನಡುವೆ ಬಿಳಿ ತಿರುಳು ಕಾಣುತ್ತದೆ. ನೀರು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತಾ ಉಪ್ಪು, ಸುಣ್ಣ, ಗಾಳಿ ಎಲ್ಲವನ್ನೂ ನಡುವಿಗೆ ತಳ್ಳುತ್ತದೆ. ಆ ತಿರುಳು ಬ್ಲೇಡಿಗೆ ಬಂದಾಗ ಒಡೆದು ತುಂಡಾಗುತ್ತದೆ, ರುಚಿಯೂ ಸಪ್ಪೆ ಉಪ್ಪು. ಫಿಲ್ಟರ್ ನೀರನ್ನೇ ಬಳಸಿ. ಫಿಲ್ಟರ್ ಇಲ್ಲದಿದ್ದರೆ ಕುದಿಸಿ ಆರಿಸಿ ಬಳಸಿ. ಫ್ರೀಜರ್‌ನಲ್ಲಿಟ್ಟರೆ ರೋಗಾಣು ಸಾಯುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಹಾಗೇನೂ ಇಲ್ಲ.

ಮೆಷಿನ್ ಜೊತೆ ಐಸ್ ಮಾಡುವ ಎರಡು ಪ್ಲಾಸ್ಟಿಕ್ ಅಚ್ಚು, ಮುಚ್ಚಳ ಬರುತ್ತವೆ. ಅಂಚಿನವರೆಗೆ ನೀರು ತುಂಬಬೇಡಿ. ಐಸ್ ಆಗುವಾಗ ನೀರು ಸುಮಾರು 9% ಉಬ್ಬುತ್ತದೆ. ನಮ್ಮ ಒಂದು ಅಚ್ಚು ಎರಡನೇ ಬೇಸಿಗೆಯಲ್ಲಿ ಹೀಗೇ ಸೀಳಿತು. ಈಗ ಅಳತೆಗೆ ಸರಿಹೊಂದುವ ಮೊಸರಿನ ಕಪ್ ಬಳಸುತ್ತೇವೆ. ಅದೇ ವಾಸಿ, ಒಂದೇ ಸಲಕ್ಕೆ ಆರೇಳು ಗಡ್ಡೆ ತಯಾರಾಗುತ್ತವೆ. ಒಂದು ಗಡ್ಡೆಗೆ ಎರಡು ಸಣ್ಣ ಗೋಲಾ ಬರುವುದರಿಂದ, ಎರಡೇ ಅಚ್ಚು ನಂಬಿಕೊಂಡರೆ ಪಕ್ಕದ ಮನೆ ಮಕ್ಕಳೂ ಬಂದ ದಿನ ಜಗಳ ಗ್ಯಾರಂಟಿ.

ಬ್ಲೇಡ್ ಅಂದರೆ ಕಿರುಬೆರಳಿನಷ್ಟು ಉದ್ದದ ಸ್ಟೀಲ್ ಪಟ್ಟಿ, ಎರಡು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಅಲ್ಲ! ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಸ್ಕ್ರೂ ತಲೆಯ ಗೀರಿನೊಳಗೆ ಕೆಂಪು ತುಕ್ಕು ಕಾಣಿಸಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂ ಸಿಕ್ಕಿತು, ಹತ್ತು ರೂಪಾಯಿಯೂ ಆಗಲಿಲ್ಲ. ಎರಡನೇ ಬೇಸಿಗೆಯಲ್ಲಿ ಬ್ಲೇಡ್ ಮೊಂಡಾಯಿತು. ಮಾರಿದವರಿಗೆ ಮೇಲ್ ಹಾಕಿದೆ. ಬ್ಲೇಡ್ ಬಿಡಿಯಾಗಿ ಕೊಡುವುದಿಲ್ಲ, ಹೊಸ ಮೆಷಿನ್ ತಗೊಳ್ಳಿ, ಬೇಕಾದರೆ ಕೂಪನ್ ಕೊಡುತ್ತೇವೆ ಎಂದು ಉತ್ತರ ಬಂತು. ಸೈಕಲ್ ಮೇಲೆ ಬರುವ ಸಾಣೆಯವರಿಗೆ ಬಿಚ್ಚಿ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ತರಕಾರಿ ಹೆರೆಯುವುದಾ ಎಂದು ಕೇಳಿ, ಒಂದೇ ಕಡೆ ಸಾಣೆ ಹಿಡಿದು ಕೊಟ್ಟರು. ಹೊಸದಕ್ಕಿಂತ ಚೆನ್ನಾಗಿ ಹೆರೆಯುತ್ತಿದೆ. ಬಳಸಿದ ಮೇಲೆ ತೊಳೆದು, ಒರೆಸಿ, ಬಿಚ್ಚಿಟ್ಟು ಒಣಗಿಸಬೇಕು. ತೊಳೆದು ಹಾಗೇ ಕಪಾಟಿಗೆ ಸೇರಿಸಿದರೆ ಮುಂದಿನ ಬೇಸಿಗೆಗೆ ಉಳಿಯುವುದಿಲ್ಲ.

ಅಡಿಯಲ್ಲಿ ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಪಾದ ಇದೆ. ಗ್ರಾನೈಟ್ ಕಟ್ಟೆಯ ಮೇಲೆ ಒಂಚೂರು ಒದ್ದೆ ಮಾಡಿ ಕೂರಿಸಿದರೆ ಅಲುಗಾಡುವುದಿಲ್ಲ. ಕಡಪಾ ಕಲ್ಲಿನ ಒರಟು ಕಟ್ಟೆಗೆ ಅಂಟುವುದೇ ಇಲ್ಲ. ಆಗ ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ತಿರುಗಿಸಬೇಕು.

ಸಿರಪ್‌ಗೆ ಬರೋಣ, ನನಗೆ ಬಲು ಇಷ್ಟವಾದ ಭಾಗ. ಜ್ಯೂಸನ್ನು ಹಾಗೇ ಸುರಿದರೆ ಐಸ್‌ನಲ್ಲಿ ತೂತು ಕೊರೆದು ತಳಕ್ಕೆ ಇಳಿಯುತ್ತದೆ, ಮೇಲೆ ಬಿಳಿ ಐಸ್ ಉಳಿಯುತ್ತದೆ. ಸಿರಪ್ ಗಟ್ಟಿಯಿರಬೇಕು, ತಣ್ಣಗಿರಬೇಕು. 2 ಲೋಟ ಸಕ್ಕರೆಗೆ 1 ಲೋಟ ನೀರು. ಸಕ್ಕರೆ ಕರಗಿ ಒಂದು ಕುದಿ ಬಂದರೆ ಸಾಕು, ಎಳೆ ಪಾಕ ಬರಬಾರದು. ಕೊನೆಗೆ ನಿಂಬೆರಸ ಹಿಂಡಿದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ಬರೀ ನಾಲಿಗೆಗೆ ಇದು ಅತಿ ಸಿಹಿ ಅನ್ನಿಸುತ್ತದೆ. ತಣ್ಣಗಿರುವಾಗ ಸಿಹಿ ಗೊತ್ತಾಗುವುದು ಕಮ್ಮಿ, ಐಸ್ ಮೇಲೆ ಬಿದ್ದಾಗ ಸರಿಹೋಗುತ್ತದೆ.

ನಮ್ಮನೆಯಲ್ಲಿ ಗೆದ್ದಿರುವುದು ಎರಡು. ಒಂದು ಪುನರ್ಪುಳಿ, ಶಿರಸಿ ಕಡೆಯವರ ಮುರುಗಲು. ಮಂಗಳೂರಿನಿಂದ ಬರುವ ನೆಂಟರು ಒಣಸಿಪ್ಪೆ ತರುತ್ತಾರೆ. ಅದನ್ನು ರಾತ್ರಿ ನೆನೆಹಾಕಿ, ಕಿವುಚಿ, ಸೋಸಿ, ಸಕ್ಕರೆ ಪಾಕಕ್ಕೆ ಸೇರಿಸಿ, ಚಿಟಿಕೆ ಉಪ್ಪು ಹಾಕಿದರೆ ಆಯಿತು. ಬಣ್ಣಕ್ಕೆ ಬೇರೆ ಏನೂ ಬೇಡ, ಅದೇ ಕಡುಗೆಂಪು. ಇನ್ನೊಂದು ಕಾಲಾ ಖಟ್ಟಾ, ಅಂದರೆ ನೇರಳೆ ಹಣ್ಣಿನದು. ಇದರ ತೊಡಕು ಏನೆಂದರೆ ನೇರಳೆ ಬರುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಜೂನ್‌ನಲ್ಲಿ ತಿರುಳು ಬಿಡಿಸಿ ಫ್ರೀಜರ್‌ನಲ್ಲಿ ಕಟ್ಟಿಟ್ಟರೆ ಮುಂದಿನ ಮಾರ್ಚ್‌ಗೆ ಆಗುತ್ತದೆ. ಕಪ್ಪುಪ್ಪು, ಹುರಿದ ಜೀರಿಗೆ ಪುಡಿ, ನಿಂಬೆರಸ ಸೇರಿಸಿದ ಮೇಲೆಯೇ ಅದಕ್ಕೆ ಗಾಡಿಯ ರುಚಿ ಬರುವುದು. ಕೋಲಾರ, ಶಿಡ್ಲಘಟ್ಟದ ಕಡೆ ರೇಷ್ಮೆ ತೋಟ ಇರುವವರು ಹಿಪ್ಪುನೇರಳೆ ಹಣ್ಣಲ್ಲೂ ಮಾಡಬಹುದು, ಅದು ಇನ್ನೂ ಚೆನ್ನ. ನನ್ನಾರಿ, ಅಂದರೆ ಸೊಗದೆ ಬೇರಿನ ಸಿರಪ್ ಅಂಗಡಿಯದ್ದೇ ಸಾಕು. ಮಾವಿನ ಹಣ್ಣಿನ ರಸ ಮಾತ್ರ ಗೋಲಾಗೆ ಸಲ್ಲ. ದಪ್ಪಗಿರುವುದರಿಂದ ಮೇಲೇ ಗುಡ್ಡೆಯಾಗಿ ಕೂರುತ್ತದೆ. ಮಾವನ್ನು ಹಾಗೇ ತಿನ್ನಿ.

ಮಿಕ್ಸಿ ಇದೆಯಲ್ಲ, ಇದ್ಯಾಕೆ ಎಂದು ಅತ್ತೆ ಕೇಳಿದ್ದರು. ಮಿಕ್ಸಿ ಐಸನ್ನು ಒಡೆಯುತ್ತದೆ, ಹೆರೆಯುವುದಿಲ್ಲ. ಅರ್ಧ ನೀರು, ಅರ್ಧ ಕಲ್ಲು. ಅಮೆರಿಕದ ಸ್ನೋ ಕೋನ್ ಕೂಡ ಒಡೆದ ಐಸ್‌ದೇ. ಅಲ್ಲಿನ ಡಲ್ಲಾಸ್‌ನ ಸ್ಯಾಮ್ಯುಯೆಲ್ ಬರ್ಟ್ ಐಸ್ ಒಡೆಯುವ ಯಂತ್ರಕ್ಕೆ 1920ರಲ್ಲೇ ಪೇಟೆಂಟ್ ತಗೊಂಡಿದ್ದರು. ಕಡಿದು ತಿನ್ನಲು ಅದು ಚೆನ್ನ, ಕಡ್ಡಿಗೆ ಒತ್ತಿ ಕೂರಿಸಲು ಬರುವುದಿಲ್ಲ. ಕರೆಂಟಿನ ಮೆಷಿನ್ ಗೆಳತಿಯ ಮನೆಯಲ್ಲಿದೆ. ಫ್ರಿಡ್ಜ್‌ನ ಟ್ರೇ ಐಸನ್ನೇ ಹಾಕಬಹುದು, ತೋಳು ನೋಯುವುದಿಲ್ಲ. ಆದರೆ ಅದು ಶುರುವಾದರೆ ಟಿವಿ ಸದ್ದು ಕೇಳುವುದಿಲ್ಲ, ಬೆಲೆಯೂ ಮೂರ್ನಾಲ್ಕು ಪಟ್ಟು. ಹುಟ್ಟುಹಬ್ಬಕ್ಕೆ ಇಪ್ಪತ್ತು ಮಕ್ಕಳನ್ನು ಕರೆಯುವವರು ಅದನ್ನೇ ತಗೊಳ್ಳಿ, ಕೈಮೆಷಿನ್‌ನಲ್ಲಿ ಐದನೇ ಗೋಲಾಗೆ ಭುಜ ಮಾತಾಡಲು ಶುರುಮಾಡುತ್ತದೆ.

ಮೆಷಿನ್ನೇ ಬೇಡ ಅನ್ನುವವರಿಗೂ ದಾರಿ ಇದೆ. ಕಲ್ಲಂಗಡಿ ರಸಕ್ಕೆ ಸ್ವಲ್ಪ ಸಕ್ಕರೆ, ನಿಂಬೆರಸ ಬೆರೆಸಿ ಅಗಲ ತಟ್ಟೆಯಲ್ಲಿ ಫ್ರೀಜರ್‌ನಲ್ಲಿಡಿ. ಅರ್ಧ ಗಂಟೆಗೊಮ್ಮೆ ಫೋರ್ಕ್‌ನಿಂದ ಕೆರೆಯಿರಿ. ಸಕ್ಕರೆ ಇರುವುದರಿಂದ ಅದು ಕಲ್ಲಾಗುವುದಿಲ್ಲ, ಮೂರ್ನಾಲ್ಕು ಗಂಟೆಯಲ್ಲಿ ಹರಳು ಹರಳಾದ ಐಸ್ ತಯಾರು. ಇಟಲಿಯ ಸಿಸಿಲಿಯಲ್ಲಿ ಇದಕ್ಕೆ ಗ್ರಾನಿಟಾ ಅನ್ನುತ್ತಾರೆ. ಒಬ್ಬಿಬ್ಬರೇ ಇರುವ ಮನೆಗೆ ಇಷ್ಟೇ ಸಾಕು, ಐನೂರು ರೂಪಾಯಿ ಖರ್ಚು ಮಾಡಬೇಡಿ.

ನನ್ನ ಮೆಷಿನ್‌ಗೆ 5ಕ್ಕೆ ಮೂರೂವರೆ ಸ್ಟಾರ್. ಕಳೆದ ಒಂದೂವರೆ ಸ್ಕ್ರೂವಿಗೆ ಮತ್ತು ಬಿಡಿಭಾಗ ಕೊಡದ ಧೋರಣೆಗೆ. ತಗೊಳ್ಳುವುದಾದರೆ ಜನವರಿಯಲ್ಲೇ ತಗೊಳ್ಳಿ, ಏಪ್ರಿಲ್‌ನಲ್ಲಿ ಇದೇ ಮಾಲಿಗೆ ನೂರಿನ್ನೂರು ಜಾಸ್ತಿ ಕೇಳುತ್ತಾರೆ. ಬಂದ ರಾತ್ರಿಯೇ ನೀರಿಟ್ಟು ಮರುದಿನ ಒಂದು ಗಡ್ಡೆ ಪೂರ್ತಿ ಹೆರೆದು ನೋಡಿ. ಬ್ಲೇಡ್ ಓರೆಯಾಗಿ ಕೂತಿದ್ದರೆ ಗಡ್ಡೆ ಒಂದೇ ಕಡೆ ಸವೆದು ಓಲಾಡುತ್ತದೆ. ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಅದು ಗೊತ್ತಾದರೆ ಒಳ್ಳೆಯದು.