ಹೋಂಸ್ಟೇಗೆ ಮೊದಲು ವೆಬ್‌ಸೈಟೋ, ಗೂಗಲ್ ಪ್ರೊಫೈಲೋ? ಉತ್ತರ ಕನ್ನಡದ ಮಾಲೀಕರಿಗೊಂದು ವಿಮರ್ಶೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಯಲ್ಲಿ ಇರಲಿ, ಗೋಕರ್ಣ, ಕುಮಟಾ, ಕಾರವಾರದ ಕಡಲ ದಂಡೆಯಲ್ಲಿ ಇರಲಿ, ಮೂರು–ನಾಲ್ಕು ರೂಮಿನ ಹೋಂಸ್ಟೇ ಶುರುಮಾಡಿದವರಿಗೆ ಸ್ವಲ್ಪ ದಿನದಲ್ಲೇ ಫೋನು ಬರಲು ಶುರುವಾಗುತ್ತದೆ. ವೆಬ್‌ಸೈಟ್ ಮಾಡಿಕೊಡುತ್ತೇವೆ, ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ, ಇಷ್ಟು ಸಾವಿರ ಆಗುತ್ತದೆ ಎಂಬ ಮಾತು. ಮೊದಲ ಸ್ಥಾನದ ಖಾತ್ರಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ಹಾಗಾಗಿ ಹಣ ಕೊಡುವ ಮೊದಲು ಪುಕ್ಕಟೆ ಇರುವ ಗೂಗಲ್ ಬಿಸಿನೆಸ್ ಪ್ರೊಫೈಲನ್ನು, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ನಿಮ್ಮ ಹೋಂಸ್ಟೇಯ ವಿಳಾಸ, ಫೋನು, ಫೋಟೋ, ರಿವ್ಯೂ ತೋರಿಸುವ ಪುಟವನ್ನು, ಪೂರ್ತಿ ಬಳಸಿ ನೋಡುವುದು ಒಳ್ಳೆಯದು. ಈ ವಿಮರ್ಶೆ ಅದರದ್ದು. ಅದು ಕೈಕೊಡುವ ಕಡೆ ವೆಬ್‌ಸೈಟ್, ವಾಟ್ಸಾಪ್ ವಿಷಯವೂ ಬರುತ್ತದೆ.

ತೀರ್ಪು ಮೊದಲೇ ಹೇಳುತ್ತೇವೆ: ಸಣ್ಣ ಹೋಂಸ್ಟೇಗೆ ಇದು ಮೊದಲ ಕೆಲಸ, ವೆಬ್‌ಸೈಟ್ ಎರಡನೆಯದು. 5ಕ್ಕೆ 4 ಅಂಕ. ಉಳಿದ ಒಂದು ಅಂಕ ಹೋದದ್ದು ಸಹಾಯ ಸಿಗದ ಕಾರಣಕ್ಕೆ. ಪ್ರೊಫೈಲ್ ಅಮಾನತಾದರೆ ಫೋನು ಮಾಡಿ ಕೇಳಲು ಒಬ್ಬ ಮನುಷ್ಯ ಸಿಗುವುದಿಲ್ಲ. ಫಾರ್ಮ್ ತುಂಬಿ ಕಾಯಬೇಕು, ಸೀಸನ್ ಇದ್ದರೂ ಕಾಯಬೇಕು.

ಹಳೆಯ ಹೆಸರು ಗೂಗಲ್ ಮೈ ಬಿಸಿನೆಸ್, 2014ರಲ್ಲಿ ಬಂದದ್ದು. 2021ರ ನವೆಂಬರ್‌ನಲ್ಲಿ ಹೆಸರು ಬದಲಾಯಿತು, ಮರುವರ್ಷ ಅದರ ಪ್ರತ್ಯೇಕ ಆ್ಯಪ್ ಕೂಡ ಹೋಯಿತು. ಈಗ ಮಾಲೀಕರ ಜೀಮೇಲ್‌ನಲ್ಲಿ ಲಾಗಿನ್ ಆಗಿ, ತಮ್ಮ ಹೋಂಸ್ಟೇ ಹೆಸರನ್ನು ಗೂಗಲ್‌ನಲ್ಲಿ ಅಥವಾ ಮ್ಯಾಪ್‌ನಲ್ಲಿ ಹುಡುಕಿದರೆ ಅಲ್ಲೇ ತಿದ್ದುವ ಬಟನ್‌ಗಳು ಬರುತ್ತವೆ. ಇದರ ಜೊತೆ ಬಿಟ್ಟಿ ಸಿಗುತ್ತಿದ್ದ ಒಂದು ಪುಟದ ವೆಬ್‌ಸೈಟನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ಮುಚ್ಚಿತು. ಅದೇ ವರ್ಷ ಜುಲೈ ಕೊನೆಗೆ ಪ್ರೊಫೈಲ್ ಒಳಗಿನ ಚಾಟ್ ಕೂಡ ನಿಂತಿತು. ವಿಸಿಟಿಂಗ್ ಕಾರ್ಡಿನಲ್ಲಿ, ಗೇಟಿನ ಫ್ಲೆಕ್ಸಿನಲ್ಲಿ ಆ ಹಳೆಯ ವೆಬ್‌ಸೈಟಿನ ವಿಳಾಸ ಉಳಿದಿದ್ದರೆ ತೆಗೆಸಿ, ಅದನ್ನು ಒತ್ತಿದವರಿಗೆ ಈಗ ಏನೂ ಸಿಗುವುದಿಲ್ಲ. ಆ ವೆಬ್‌ಸೈಟನ್ನೇ ಇಂದಿಗೂ ಪ್ಯಾಕೇಜಿನಲ್ಲಿ ಸೇರಿಸಿ ಹೇಳುವವರ ಬಳಿ ಮುಂದಿನ ಮಾತು ಬೇಡ.

ಹೊಸ ಪ್ರೊಫೈಲ್ ತೆರೆಯುವ ಮೊದಲು ಮ್ಯಾಪ್‌ನಲ್ಲಿ ಹೆಸರು ಹುಡುಕಬೇಕು. ಎಂದೋ ಬಂದ ಗೆಸ್ಟ್ ಒಬ್ಬರು ಜಾಗ ಸೇರಿಸಿ ಫೋಟೋ ಹಾಕಿರುತ್ತಾರೆ. ಅದನ್ನು ಬಿಟ್ಟು ಇನ್ನೊಂದು ತೆರೆದರೆ ಎರಡು ಪ್ರೊಫೈಲ್ ಆಗಿ, ರಿವ್ಯೂ ಹಂಚಿಹೋಗುತ್ತದೆ. ಇರುವುದನ್ನೇ ತಮ್ಮದೆಂದು ಕ್ಲೇಮ್ ಮಾಡಬೇಕು. ಬೇರೆಯವರ ಕೈಯಲ್ಲಿದ್ದರೆ ಮಾಲೀಕತ್ವ ಕೇಳುವ ಅರ್ಜಿ ಅಲ್ಲೇ ಇದೆ, ಉತ್ತರಿಸಲು ಅವರಿಗೆ 3 ದಿನ ಸಿಗುತ್ತದೆ.

ಇಲ್ಲಿ ಬಹಳ ಮನೆಗಳು ಎಡವುವುದು ಜೀಮೇಲ್ ವಿಷಯದಲ್ಲಿ. ಡಿಸೈನರ್ ತಮ್ಮ ಮೇಲ್‌ನಿಂದಲೇ ಪ್ರೊಫೈಲ್ ತೆರೆದುಕೊಡುತ್ತಾರೆ, ಅಥವಾ ಬೆಂಗಳೂರಿನಲ್ಲಿರುವ ಮಗನ ಆಫೀಸಿನ ಮೇಲ್ ಕೊಟ್ಟಿರುತ್ತಾರೆ. ಡಿಸೈನರ್ ಜೊತೆ ಮನಸ್ತಾಪ ಆದ ದಿನ, ಮಗ ಕೆಲಸ ಬದಲಿಸಿದ ದಿನ, ವರ್ಷಗಟ್ಟಲೆ ಕೂಡಿಸಿದ ರಿವ್ಯೂಗಳ ಕೀಲಿ ಕೈತಪ್ಪುತ್ತದೆ. ಹೋಂಸ್ಟೇಗೆಂದೇ ಒಂದು ಜೀಮೇಲ್ ಮಾಡಿ, ರಿಕವರಿ ನಂಬರಾಗಿ ಮನೆಯಲ್ಲೇ ಇರುವವರ ಮೊಬೈಲ್ ಕೊಟ್ಟು, ಪ್ರಾಥಮಿಕ ಮಾಲೀಕರಾಗಿ ಅದನ್ನೇ ಇಡಿ. ಡಿಸೈನರನ್ನು ಮ್ಯಾನೇಜರ್ ಎಂದು ಸೇರಿಸಿದರೆ ಅವರ ಕೆಲಸಕ್ಕೆ ಅಷ್ಟು ಸಾಕು. ಹೊಸದಾಗಿ ಸೇರಿಸಿದವರಿಗೆ ಮೊದಲ 7 ದಿನ ಎಲ್ಲ ಅಧಿಕಾರ ಸಿಗುವುದಿಲ್ಲ, ಆದ್ದರಿಂದ ಈ ಬದಲಾವಣೆಯನ್ನು ಡಿಸೆಂಬರ್ ರಜೆಯ ಹೊಸ್ತಿಲಲ್ಲಿ ಮಾಡಬೇಡಿ.

ಪ್ರೊಫೈಲ್ ನಿಮ್ಮದೇ ಎಂಬ ದೃಢೀಕರಣ ಈಗ ಹೆಚ್ಚಾಗಿ ವಿಡಿಯೋ ಮೂಲಕ. ತಿರಸ್ಕಾರ ಆಗುವುದೂ ಇಲ್ಲೇ ಹೆಚ್ಚು. ಎಡಿಟ್ ಮಾಡಿದ್ದು ನಡೆಯದು, ಒಂದೇ ಓಟದಲ್ಲಿ ಕನಿಷ್ಠ 30 ಸೆಕೆಂಡು ಇರಬೇಕು. ಗೂಗಲ್‌ನವರು ನೋಡುವುದು ಮೂರು ಸಂಗತಿ: ಜಾಗ ಅಲ್ಲೇ ಇದೆಯೇ, ವ್ಯವಹಾರ ನಿಜವೇ, ನೀವೇ ನಡೆಸುವವರೇ. ತೋಟದ ಮನೆಯಾದರೆ ಡಾಂಬರು ರಸ್ತೆಯ ತಿರುವಿನಲ್ಲಿ ಊರ ಹೆಸರಿನ ಬೋರ್ಡು ಕಾಣುವಂತೆ ಶುರುಮಾಡಿ, ನಿಧಾನ ನಡೆಯುತ್ತ ಹೋಂಸ್ಟೇ ಬೋರ್ಡು, ಅಂಗಳ, ಜಗುಲಿ ತೋರಿಸಿ, ಒಂದು ರೂಮಿನ ಬೀಗ ನಿಮ್ಮ ಕೈಯಿಂದಲೇ ತೆಗೆದು ಒಳಗಿನ ಮಂಚ ತೋರಿಸಿ, ಕೊನೆಗೆ ಹೆಸ್ಕಾಂ ಬಿಲ್ಲು ಅಥವಾ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರವನ್ನು ಓದಲು ಬರುವಷ್ಟು ಹೊತ್ತು ಕ್ಯಾಮೆರಾ ಮುಂದೆ ಹಿಡಿಯಿರಿ. ಎರಡು ನಿಮಿಷ ಧಾರಾಳವಾಯಿತು. ಮನೆಯವರ ಮುಖ ಬರುವುದು ಬೇಡ. ಬೋರ್ಡು ಗಟ್ಟಿಯಾಗಿ ಹೊಡೆದದ್ದಿರಬೇಕು, ಬಿಳಿ ಹಾಳೆಯಲ್ಲಿ ಬರೆದು ಅಂಟಿಸಿದ್ದನ್ನು ಒಪ್ಪುವುದು ಕಷ್ಟ. ಸಿಗ್ನಲ್ ಒಂದು ಕಡ್ಡಿ ಬರುವ ಊರುಗಳಲ್ಲಿ ವಿಡಿಯೋ ಅಪ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಮನೆಯಲ್ಲಿ ಫೈಬರ್ ವೈಫೈ ಇದ್ದರೆ ವಿಡಿಯೋದ ಕೊನೆ ಅದರ ಹತ್ತಿರವೇ ಮುಗಿಯುವಂತೆ ನೋಡಿಕೊಳ್ಳಿ, ಅಪ್‌ಲೋಡ್ ಮುಗಿಯುವವರೆಗೆ ಸ್ಕ್ರೀನ್ ಆರಿಸಬೇಡಿ.

ಹೆಸರು ಬೋರ್ಡಿನಲ್ಲಿ ಇದ್ದಂತೆಯೇ ಇರಲಿ. ಹೆಸರಿನ ಮುಂದೆ ‘ಬೆಸ್ಟ್ ಹೋಂಸ್ಟೇ ನಿಯರ್ ಯಾಣ’ ಎಂದು ಪೋಣಿಸುವ ಸಲಹೆ ಕೊಡುವವರಿದ್ದಾರೆ, ಅದು ನಿಯಮ ಮೀರಿದ್ದು, ಅಮಾನತಿಗೆ ನೇರ ದಾರಿ. ಯಾಣ, ಸಹಸ್ರಲಿಂಗ, ಉಂಚಳ್ಳಿ ಇವನ್ನೆಲ್ಲ 750 ಅಕ್ಷರಗಳ ವಿವರಣೆಯಲ್ಲಿ ಬರೆಯಲು ಜಾಗವಿದೆ. ಮುಖ್ಯ ವರ್ಗ ಒಂದೇ, ಹೆಚ್ಚುವರಿ 9ರವರೆಗೆ. ಹೋಂಸ್ಟೇ ಎಂಬ ವರ್ಗವೇ ಇರುವಾಗ ರೆಸಾರ್ಟ್ ಎಂದು ಹಾಕಿದರೆ ಗೆಸ್ಟ್ ಈಜುಕೊಳ ಕೇಳುತ್ತ ಬರುತ್ತಾರೆ. ಇನ್ನೊಂದು ಎಚ್ಚರ: ಮಾಲೀಕರಾಗಲಿ ಸಿಬ್ಬಂದಿಯಾಗಲಿ ಇಲ್ಲದ ಖಾಲಿ ಮನೆಯನ್ನು ದಿನ ಬಾಡಿಗೆಗೆ ಕೊಡುವವರಿಗೆ ಈ ಪ್ರೊಫೈಲ್ ಸಲ್ಲದು, ಗೂಗಲ್ ನಿಯಮದಲ್ಲೇ ರಜಾ ಮನೆಗಳನ್ನು ಹೊರಗಿಟ್ಟಿದ್ದಾರೆ. ಅಂಥವರು ಬುಕಿಂಗ್ ಆ್ಯಪ್‌ಗಳಲ್ಲೇ ಇರುವುದು ಸರಿ.

ಈಗ ಪಿನ್, ಅಂದರೆ ಮ್ಯಾಪ್‌ನಲ್ಲಿ ನಿಮ್ಮ ಜಾಗ ತೋರಿಸುವ ಗುರುತು. ಈ ಜಿಲ್ಲೆಯಲ್ಲಿ ಪ್ರೊಫೈಲ್ ಗೆಲ್ಲುವುದೂ ಸೋಲುವುದೂ ಇದರಲ್ಲೇ. ವಿಳಾಸ ಟೈಪ್ ಮಾಡಿ ಬಿಟ್ಟರೆ ಗೂಗಲ್ ಪಿನ್ನನ್ನು ಊರ ನಡುವೆ ಎಲ್ಲೋ ಹಾಕುತ್ತದೆ. ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ, ಹೆಂಚಿನ ಮಾಡು ಹುಡುಕಿ, ಪಿನ್ನನ್ನು ಕೈಯಿಂದ ಎಳೆದು ಕಾರು ನಿಲ್ಲುವ ಅಂಗಳದ ಮೇಲೆ ಇಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಮ್ಯಾಪ್ ಕಾರನ್ನು ಕರೆತರುವುದು ಪಿನ್ನಿಗೆ ಹತ್ತಿರದ, ತನಗೆ ಗೊತ್ತಿರುವ ರಸ್ತೆಗೆ. ನಿಮ್ಮ ತೋಟದ ಮಣ್ಣುರಸ್ತೆ ಮ್ಯಾಪ್‌ನಲ್ಲೇ ಇಲ್ಲದಿದ್ದರೆ, ಹಳ್ಳದ ಆಚೆ ದಡದ ರಸ್ತೆಯೇ ಅದಕ್ಕೆ ಹತ್ತಿರ. ಗೆಸ್ಟ್ ಕತ್ತಲಲ್ಲಿ ಕಾಲುಸಂಕದ ಎದುರು ಕಾರು ನಿಲ್ಲಿಸಿ, ಸಿಗ್ನಲ್ ಇಲ್ಲದೆ ನಿಂತಿರುತ್ತಾರೆ. ಮರುದಿನ ಬರುವ ರಿವ್ಯೂನಲ್ಲಿ ಮೊದಲ ಸಾಲು ಅದೇ. ಮ್ಯಾಪ್‌ನ ತಿದ್ದುಪಡಿ ಆಯ್ಕೆಯಲ್ಲಿ ಬಿಟ್ಟುಹೋದ ರಸ್ತೆ ಸೇರಿಸಲು ಅವಕಾಶವಿದೆ, ಗೆರೆ ಎಳೆದು ಕಳಿಸಿ. ಅದು ಒಪ್ಪಿಗೆ ಆಗುವವರೆಗೆ ನಿಮ್ಮ ಅಂಗಳದ ಪ್ಲಸ್ ಕೋಡ್ (ಜಾಗಕ್ಕೆ ಗೂಗಲ್ ಮ್ಯಾಪ್ ಕೊಡುವ ಸಣ್ಣ ಸಂಕೇತ) ಕಳಿಸುವುದು, ಕೊನೆಯ ಎರಡು ಕಿಲೋಮೀಟರಿನ ತಿರುವುಗಳನ್ನು ಬರೆದು ಕಳಿಸುವುದು ಕಡ್ಡಾಯ. ಶಿರಸಿ ಬಿಡುವ ಮೊದಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಲು ಹೇಳಿ, ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ. ಗೋಕರ್ಣದಲ್ಲಿ ತೊಂದರೆ ಬೇರೆ ಥರದ್ದು: ಕುಡ್ಲೆ ಕಡಲ ದಂಡೆಯ ಕೆಲವು ಜಾಗಗಳಿಗೆ ವಾಹನ ಹೋಗುವುದಿಲ್ಲ. ಅಲ್ಲಿನವರು ಪಾರ್ಕಿಂಗ್ ಎಲ್ಲಿ, ಅಲ್ಲಿಂದ ಎಷ್ಟು ಮೆಟ್ಟಿಲು ಎಂಬುದನ್ನು ಫೋಟೋ ಸಮೇತ ಹಾಕಬೇಕು. ಗೋಕರ್ಣ ರೋಡ್ ರೈಲ್ವೆ ಸ್ಟೇಷನ್ ಊರಿನಿಂದ ಸುಮಾರು 10 ಕಿಲೋಮೀಟರ್ ಎನ್ನುವುದನ್ನೂ ಬರೆಯಿರಿ, ರಾತ್ರಿ ರೈಲಿಗೆ ಇಳಿದವರಿಗೆ ರಿಕ್ಷಾ ಹೇಳಿಡಲು ಅನುಕೂಲ.

ಫೋಟೋ ವಿಷಯ ಬೇಗ ಮುಗಿಸಬಹುದು. ಜಲಪಾತದ ಚಿತ್ರ ಯಾರದ್ದಾದರೂ ಆಗುತ್ತದೆ. ನಿಮ್ಮ ಬಚ್ಚಲು, ಶೌಚಾಲಯ, ಮಂಚ, ಊಟದ ಬಾಳೆ, ಇವೇ ನೋಡುವವರಿಗೆ ಬೇಕು. ಬೆಳಿಗ್ಗೆಯ ಬೆಳಕಲ್ಲಿ, ಕಿಟಕಿ ತೆಗೆದು, ಮೊಬೈಲನ್ನು ಅಡ್ಡ ಹಿಡಿದು ತೆಗೆಯಿರಿ. 5 ಎಂಬಿ ಒಳಗಿರಲಿ.

ರಿವ್ಯೂ ಕೇಳುವುದು ತಪ್ಪಲ್ಲ, ರಿವ್ಯೂಗೆ ಬದಲಾಗಿ ರಿಯಾಯಿತಿ ಕೊಡುವುದು ತಪ್ಪು, ನಿಯಮದ ಪ್ರಕಾರವೂ. ಪ್ರೊಫೈಲ್‌ನಲ್ಲೇ ಸಿಗುವ ರಿವ್ಯೂ ಲಿಂಕನ್ನು ಕ್ಯೂಆರ್ ಮಾಡಿ ಊಟದ ಕೋಣೆಯಲ್ಲಿ ಇಡಿ. ಕೆಟ್ಟ ರಿವ್ಯೂಗೆ ಒಂದು ದಿನ ಬಿಟ್ಟು, ನಾಲ್ಕು ಸಾಲಿನಲ್ಲಿ, ನಡೆದದ್ದನ್ನಷ್ಟೇ ಹೇಳಿ ಉತ್ತರ ಕೊಡಿ. ಅದನ್ನು ಓದುವುದು ಬರೆದವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವವರು. ವಾರಕ್ಕೊಮ್ಮೆ ಪ್ರೊಫೈಲ್ ತೆರೆದು ಫೋನ್ ನಂಬರ್ ನಿಮ್ಮದೇ ಇದೆಯೇ ನೋಡಿ. ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ ವ್ಯವಸ್ಥೆ ಇದು. ನಂಬರ್ ಬದಲಿಸಿ ಅಡ್ವಾನ್ಸ್ ಹೊಡೆಯುವ ವಂಚಕರಿಗೆ ಇದೇ ಬಾಗಿಲು.

ಈ ಸೇವೆಯ ನಿಜವಾದ ಕೊರತೆ ದರದ ಪಟ್ಟಿಯಲ್ಲಿದೆ. ನಿಮ್ಮ ರೂಮು ಬುಕಿಂಗ್ ಆ್ಯಪ್‌ಗಳಲ್ಲೂ ಇದ್ದರೆ, ನಿಮ್ಮ ಹೆಸರನ್ನೇ ಹುಡುಕಿ ಬಂದವರಿಗೂ ಪ್ರೊಫೈಲ್ ಒಳಗೆ ಮೊದಲು ಕಾಣುವುದು ಆ ಆ್ಯಪ್‌ಗಳ ದರ. ಅಲ್ಲಿ ಒತ್ತಿದರೆ ಕಮಿಷನ್ ಹೋಯಿತು. 3,000 ರೂಪಾಯಿಯ ರೂಮಿಗೆ ಶೇ. 18 ಕಮಿಷನ್ ಎಂದರೆ 540, ಅದರ ಮೇಲಿನ ಜಿಎಸ್‌ಟಿ ಶೇ. 18 ಸೇರಿದರೆ 637 ರೂಪಾಯಿ 20 ಪೈಸೆ. ಹೊಸಬರನ್ನು ತಂದುಕೊಟ್ಟರೆ ಈ ಹಣ ಸಲ್ಲುತ್ತದೆ. ನಿಮ್ಮನ್ನೇ ಹುಡುಕಿ ಬಂದವರಿಗೆ ಯಾಕೆ ಕೊಡಬೇಕು? 2021ರಿಂದ ಹೋಟೆಲುಗಳ ಸ್ವಂತ ದರವನ್ನೂ ಗೂಗಲ್ ಪುಕ್ಕಟೆ ತೋರಿಸುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಗೂಗಲ್ ಜೊತೆ ಜೋಡಣೆ ಇರುವ ಬುಕಿಂಗ್ ಎಂಜಿನ್, ಅಂದರೆ ಸ್ವಂತ ಸೈಟಿನಲ್ಲೇ ರೂಮು ಕಾದಿರಿಸುವ ತಂತ್ರಾಂಶ, ಬೇಕು. ಎಂಟು–ಹತ್ತು ರೂಮಿನವರಿಗೆ ಅದರ ತಿಂಗಳ ಬಾಡಿಗೆ ಗಿಟ್ಟೀತು. ಮೂರು ರೂಮಿನ ಮನೆಗೆ ಬೇಡ. ಅವರಿಗೆ ಬೇಕಾದದ್ದು ಸ್ವಂತ ಒಂದು ಪುಟ ಮತ್ತು ವಾಟ್ಸಾಪ್.

ವೆಬ್‌ಸೈಟಿನ ಕೆಲಸ ಶುರುವಾಗುವುದು ಇಲ್ಲಿ. ಒಂದೇ ಪುಟ ಸಾಕು, ಆದರೆ ಫೋನಿನಲ್ಲಿ ದಿನವೂ ಕೇಳುವ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರ ಇರಬೇಕು. ದರ ರೂಮಿಗೋ ತಲೆಗೋ, ಊಟ ಎಷ್ಟು ಹೊತ್ತಿನದು ಸೇರಿದೆ, ಮಕ್ಕಳಿಗೆಷ್ಟು, ಡ್ರೈವರ್‌ಗೆ ಮಲಗಲು ಜಾಗ ಇದೆಯೇ, ಸಸ್ಯಾಹಾರ ಮಾತ್ರವೇ, ಮದ್ಯ ನಡೆಯುತ್ತದೆಯೇ, ಯಾವ ಕಂಪನಿಯ ಸಿಗ್ನಲ್ ಬರುತ್ತದೆ, ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು, ಮಳೆಗಾಲದಲ್ಲಿ ಉಂಬಳ ಇರುತ್ತದೆಯೇ. ಉಂಬಳ ಇದೆ ಎಂದು ಮೊದಲೇ ಬರೆದವರ ಮನೆಗೆ ಉಂಬಳದ ದೂರು ಬರುವುದಿಲ್ಲ. ಕಾರವಾರದ ಕಡೆ ಮೀನೂಟವೇ ಆಕರ್ಷಣೆಯಾಗಿದ್ದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಆಗ ಬಡಿಸುವ ಮೀನಿನ ಪಟ್ಟಿ ಬೇರೆ ಎಂದು ತಿಳಿಸಿ. ವಿದೇಶಿಯರು ಬರುವ ಗೋಕರ್ಣದಲ್ಲಿ ಪಾಸ್‌ಪೋರ್ಟ್, ವೀಸಾ ಪ್ರತಿ ಬೇಕಾಗುತ್ತದೆ ಎಂದೂ ಬರೆಯಿರಿ, ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು (ಹಿಂದೆ ಸಿ ಫಾರ್ಮ್ ಎನ್ನುತ್ತಿದ್ದುದು) ಆನ್‌ಲೈನ್‌ನಲ್ಲಿ ಸಲ್ಲಿಸುವುದು ಮನೆಯವರ ಹೊಣೆ.

ಕೆಲಸ ಒಪ್ಪಿಸಿಕೊಳ್ಳುವಾಗ ಮೂರು ಕಡೆ ಬೆರಳಿಟ್ಟು ನೋಡಿ. ಡೊಮೇನ್ (ವೆಬ್‌ಸೈಟಿನ ವಿಳಾಸ) ಯಾರ ಹೆಸರಲ್ಲಿ, ಯಾರ ಮೇಲ್‌ನಲ್ಲಿ ಇದೆ ಎನ್ನುವುದು ಮೊದಲನೆಯದು, ಅದು ನಿಮ್ಮದೇ ಇರಬೇಕು, ಇಲ್ಲದಿದ್ದರೆ ನವೀಕರಣದ ಹೊತ್ತಿಗೆ ಕೇಳಿದಷ್ಟು ಕೊಡಬೇಕಾಗುತ್ತದೆ. ಎರಡನೆಯದು ತೂಕ. ಕ್ಯಾಮೆರಾದಿಂದ ಬಂದ 6–8 ಎಂಬಿ ಫೋಟೋಗಳನ್ನು ಹಾಗೇ ಏರಿಸಿದ ಸೈಟು ಘಟ್ಟದ ನೆಟ್‌ವರ್ಕಿನಲ್ಲಿ ತೆರೆಯುವುದೇ ಇಲ್ಲ. ಅಗಲ 1600 ಪಿಕ್ಸೆಲ್, ವೆಬ್‌ಪಿ ಎಂಬ ಹಗುರ ಚಿತ್ರ ರೂಪ, ಒಂದೊಂದು 200 ಕೆಬಿ ಸುತ್ತಮುತ್ತ ಇದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಪುಕ್ಕಟೆ ಪರೀಕ್ಷೆಯಲ್ಲಿ ಮೊಬೈಲ್ ವಿಭಾಗ ನೋಡಿ, ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಬರಬೇಕು. ಮೂರನೆಯದು ಕನ್ನಡ. ಪ್ರೆಸ್ಸಿನವರು ಬ್ರೋಷರಿಗೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದ ಬರಹವನ್ನು ಸೈಟಿಗೆ ಹಾಗೇ ಅಂಟಿಸಿದರೆ ಬರೀ ಚಿಹ್ನೆಗಳ ರಾಶಿ ಕಾಣುತ್ತದೆ. ಅದನ್ನು ಮರೆಸಲು ಬರಹವನ್ನೇ ಚಿತ್ರ ಮಾಡಿ ಹಾಕುತ್ತಾರೆ, ಆಗ ಗೂಗಲ್ ಹುಡುಕಾಟಕ್ಕೆ ಆ ಸಾಲುಗಳಿಂದ ಪ್ರಯೋಜನವಿಲ್ಲ. ಎಲ್ಲ ಫೋನಿನಲ್ಲೂ ಕಾಣುವ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿಯೇ ಕೊಡಿ ಎಂದು ಕೇಳಿ, ಒತ್ತಕ್ಷರ ಕೆಟ್ಟಿದೆಯೇ ನೀವೇ ಓದಿ ನೋಡಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ, ಸ್ಥಿರ ದೂರವಾಣಿ ನಂಬರಿಗೂ ಹಾಕಿಕೊಳ್ಳಬಹುದು. ಅದರ ಕ್ವಿಕ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಉತ್ತರಗಳನ್ನು, 50ರವರೆಗೆ ಉಳಿಸಿಡಲು ಬರುತ್ತದೆ. ದರಪಟ್ಟಿ, ದಾರಿ, ಊಟ, ಅಡ್ವಾನ್ಸ್ ನಿಯಮ ಈ ನಾಲ್ಕನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದಿಟ್ಟರೆ ತೋಟದಲ್ಲಿ ಕೆಲಸದ ನಡುವೆಯೂ ಉತ್ತರ ಕೊಡಬಹುದು. ವೆಬ್‌ಸೈಟಿನ ವಾಟ್ಸಾಪ್ ಲಿಂಕಿನಲ್ಲಿ ನಂಬರಿನ ಮೊದಲು 91 ಇರಬೇಕು, ಪ್ಲಸ್ ಚಿಹ್ನೆ ಅಥವಾ ಸೊನ್ನೆ ಹಾಕಬಾರದು. ಒಂದೇ ಸಂದೇಶವನ್ನು ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಮೇಲೆ ಹೆಚ್ಚು ಭರವಸೆ ಬೇಡ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಜಾಹೀರಾತಿಗೆ ಖರ್ಚು ಮಾಡುವುದೇ ಆದರೆ ಊರಿನ ಸುತ್ತ ತೋರಿಸಬೇಡಿ. ಶಿರಸಿಯ ಹೋಂಸ್ಟೇ ಜಾಹೀರಾತು ಶಿರಸಿಯವರಿಗೆ ಕಂಡು ಏನಾಗಬೇಕು? ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಪುಣೆ ಆರಿಸಿ, ವಾರದ ನಡುವೆ ಓಡಿಸಿ. ಶನಿವಾರ ತಾನಾಗಿಯೇ ತುಂಬುತ್ತದೆ.

ಇನ್ನು ಮಳೆಗಾಲ. ಕಡಲ ದಂಡೆಯ ಗುಡಿಸಲುಗಳು ಮುಚ್ಚುವ ತಿಂಗಳುಗಳಲ್ಲಿ ಪ್ರೊಫೈಲನ್ನು ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ಗುರುತಿಸಿ, ‘ಶಾಶ್ವತ’ ಎಂಬುದನ್ನು ತಪ್ಪಿಯೂ ಒತ್ತಬೇಡಿ. ತೆರೆಯುವ ವಾರ ಮೊದಲೇ ಅದನ್ನು ಬದಲಿಸಿ, ಯಾಕೆಂದರೆ ದಸರಾ ರಜೆಯ ಹುಡುಕಾಟ ಆಗಲೇ ಶುರುವಾಗಿರುತ್ತದೆ. ತೆರೆದೇ ಇರುವವರು ದಾರಿಯ ಸ್ಥಿತಿ ಹಾಕುತ್ತಿರಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದಾಗ ಈ ಕರಾವಳಿಗೆ ಹೊರಟವರಿಗೆಲ್ಲ ದಾರಿ ಬದಲಾಯಿತು. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ, ಯಾವುದು ತೆರೆದಿದೆ, ಯಾವುದರಲ್ಲಿ ದೊಡ್ಡ ಗಾಡಿ ಬಿಡುತ್ತಿಲ್ಲ ಎಂಬುದನ್ನು ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಸೈಟಿನ ಮೇಲ್ತುದಿಯಲ್ಲೂ ತಾರೀಖು ಸಮೇತ ಎರಡು ಸಾಲು ಬರೆಯಿರಿ, ದಾರಿ ತೆರೆದ ದಿನವೇ ಅಳಿಸಿ.