ಮಗಳ ಒಸಿಡಿಗೆ ಮೂರು ಬಗೆಯ ಚಿಕಿತ್ಸೆ: ಯಾವುದು ಎಲ್ಲಿಯವರೆಗೆ?

ಒಸಿಡಿ ಎಂದರೆ ಬೇಡವೆಂದರೂ ಮರಳಿ ಬರುವ ಯೋಚನೆ, ಅದನ್ನು ತಣಿಸಲು ಮಾಡಿದ್ದನ್ನೇ ಮಾಡುವ ಗೀಳು ಕಾಯಿಲೆ. ಅಮೆರಿಕದಲ್ಲಿ ಮಕ್ಕಳ ಒಸಿಡಿಗೆ ಎಲ್ಲಿಗೆ ಹೋದರೂ ಮೊದಲು ಕೇಳಿಬರುವ ಚಿಕಿತ್ಸೆಯ ಹೆಸರು ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್). ಮಗು ಯಾವುದಕ್ಕೆ ಹೆದರುತ್ತದೋ ಅದನ್ನೇ ಬೇಕೆಂದು ಮುಟ್ಟಿಸುವುದು, ಆಮೇಲೆ ಕೈ ತೊಳೆಯಲು ಬಿಡದಿರುವುದು. ವ್ಯತ್ಯಾಸವೆಲ್ಲ ಎಷ್ಟು ಹೊತ್ತು, ಎಲ್ಲಿ ಎಂಬುದರಲ್ಲಿ. ನ್ಯೂಜೆರ್ಸಿಯಲ್ಲಿ ಹದಿಮೂರು ವರ್ಷದ ಮಗಳಿಗಾಗಿ ಮೂರು ಬಗೆಯನ್ನೂ ನೋಡಿದ್ದೇವೆ.

ವಾರಕ್ಕೊಮ್ಮೆಯ ಭೇಟಿ ಐವತ್ತು ನಿಮಿಷದ್ದು. ಖರ್ಚು ಕಡಿಮೆ, ಶಾಲೆ ತಪ್ಪುವುದಿಲ್ಲ. ಗೀಳು ಸೌಮ್ಯವಾಗಿದ್ದರೆ ಇದೇ ಸಾಕು. ನಮ್ಮವಳು ಸ್ನಾನಕ್ಕೆ ಹೋದರೆ ಒಂದೂವರೆ ಗಂಟೆ ಹೊರಗೆ ಬರುತ್ತಿರಲಿಲ್ಲ. ಮಂಗಳವಾರ ಬಂದ ಧೈರ್ಯ ಗುರುವಾರಕ್ಕೆ ಕರಗಿರುತ್ತಿತ್ತು.

ಕೇಂದ್ರಕ್ಕೆ ಹೋಗಿಬರುವ ತೀವ್ರ ಚಿಕಿತ್ಸೆ ಎಂದರೆ ಶಾಲೆ ಬಿಟ್ಟ ಮೇಲೆ ದಿನಕ್ಕೆ ಮೂರು ಗಂಟೆ, ವಾರದ ಹೆಚ್ಚಿನ ದಿನಗಳಲ್ಲಿ. ಮೊದಲು ಭಯಗಳಿಗೆಲ್ಲ ಅಂಕ ಕೊಡಿಸಿದರು: ಬಾಗಿಲ ಹಿಡಿಗೆ ಮೂರು, ಶೂ ತಳಕ್ಕೆ ಒಂಬತ್ತು. ಒಂದು ಸಂಜೆ ಶೂ ತಳ ಸವರಿದ ಬೆರಳಲ್ಲೇ ಬಿಸ್ಕತ್ತು ತಿನ್ನಿಸಿದರು. ಥೆರಪಿಸ್ಟ್ ತಾವೂ ಹಾಗೆಯೇ ತಿಂದರು. ಆಗಾಗ “ಈಗ ಎಷ್ಟು?” ಎಂದಷ್ಟೇ ಪ್ರಶ್ನೆ. ಒಂಬತ್ತು. ಒಂಬತ್ತು. ಎಂಟು. ಬಹಳ ಹೊತ್ತಿನ ಮೇಲೆ ಐದು. “ಏನೂ ಆಗುವುದಿಲ್ಲ ಪುಟ್ಟಾ” ಎಂದು ಹೇಳಲು ಬಾಯಿ ತೆರೆದ ನನ್ನನ್ನು ಕಣ್ಣಲ್ಲೇ ತಡೆದರು; ಸಮಾಧಾನದ ಮಾತೂ ಗೀಳಿಗೆ ಕೈ ತೊಳೆದಂತೆಯೇ. ವಾರದ ಭೇಟಿಯಾಗಿದ್ದರೆ ಒಂಬತ್ತರಲ್ಲೇ ಸಮಯ ಮುಗಿದು ಮನೆಗೆ ಹೊರಡಬೇಕಾಗುತ್ತಿತ್ತು. ಆಮೇಲೆ ಕಾರಿನಲ್ಲಿ ಸ್ಯಾನಿಟೈಸರ್‌ಗಾಗಿ ಜಗಳ.

ಹಾಗೆಂದು ತೀವ್ರ ಚಿಕಿತ್ಸೆಯೇ ಯಾವತ್ತಿಗೂ ಮೇಲು ಎನ್ನುವಂತಿಲ್ಲ. ಫ್ಲಾರಿಡಾದ ತಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಕ್ಕಳಿಗೆ ತಲಾ 14 ಭೇಟಿ. ಅರ್ಧ ಮಕ್ಕಳಿಗೆ ಅದು ಮೂರೇ ವಾರದಲ್ಲಿ ಮುಗಿಯಿತು, ಉಳಿದವರಿಗೆ ವಾರಕ್ಕೊಂದರಂತೆ ನಡೆಯಿತು. ಚಿಕಿತ್ಸೆ ಮುಗಿದಾಗ ತೀವ್ರ ಗುಂಪು ಮುಂದಿತ್ತು. ಮೂರು ತಿಂಗಳ ನಂತರ ಎರಡೂ ಹೆಚ್ಚುಕಡಿಮೆ ಸಮ. ಅಂದರೆ ಇಲ್ಲಿ ಹಣ ಕೊಟ್ಟು ಪಡೆಯುವುದು ವೇಗವನ್ನು. ಶಾಲೆಗೇ ಹೋಗಲಾಗದ ಮಗುವಿಗೆ ಆ ವೇಗ ದೊಡ್ಡದು. ವಿಮಾ ಕಂಪನಿಗೂ ವೇಗವೆಂದರೆ ಪ್ರೀತಿಯೇ: ಮಗಳ ಅಂಕ ತುಸು ಇಳಿದದ್ದೇ ತಡ, “ಇನ್ನು ಅಗತ್ಯವಿಲ್ಲ” ಎಂಬ ಪತ್ರ ಬಂತು.

ಹಾಗಾಗಿ ಉಳಿದದ್ದನ್ನು ಬೇರೊಂದು ಕಡೆಯ ವಿಡಿಯೊ ಕಾರ್ಯಕ್ರಮದಲ್ಲಿ ಮುಗಿಸಿದೆವು. ಒಲ್ಲದ ಮನಸ್ಸಿನಿಂದಲೇ ಸೇರಿದ್ದು. ಅದರ ಗುಂಪು ಚರ್ಚೆ ನೀರಸ, ಮಗು ಕ್ಯಾಮೆರಾ ಆಫ್ ಮಾಡಿ ಕೂತರೆ ಯಾರೂ ಏನೂ ಮಾಡುವಂತಿಲ್ಲ. ಆದರೆ ಮನೆಯ ಬಚ್ಚಲು, ಮನೆಯ ದೇವರ ಕೋಣೆ ಕೇಂದ್ರದಲ್ಲಿ ಸಿಗುವುದಿಲ್ಲ. ಮೈಸೂರಿನಿಂದ ಬಂದಿದ್ದ ಅತ್ತೆಯವರ ಮಡಿ ನೋಡಿ ಥೆರಪಿಸ್ಟ್ ಗಾಬರಿಯಾಗಲಿಲ್ಲ. “ಪೂಜೆಗೆ ಮುಂಚೆ ಅಜ್ಜಿ ಎಷ್ಟು ಸಲ ಕೈ ತೊಳೆಯುತ್ತಾರೋ ನೀನೂ ಅಷ್ಟೇ ಸಲ” ಎಂದರು. ಅಜ್ಜಿ ತೊಳೆಯುವುದು ಒಂದು ಸಲ. “ದೇವರಿಗೆ ಅಷ್ಟು ಸಾಕು ಕಣೇ” ಎಂದು ಅವರು ಹೇಳಿದ್ದು ಮೊಮ್ಮಗಳಿಗೆ ನಾಟಿತು.

ನನ್ನನ್ನು ಕೇಳಿದರೆ, ಗೀಳು ಶಾಲೆಯನ್ನೇ ನುಂಗಿದ್ದರೆ ಮೊದಲು ಕೇಂದ್ರ, ಆಮೇಲೆ ಮನೆಯಲ್ಲಿ ವಿಡಿಯೊ. ಎಲ್ಲಿಗೆ ಸೇರಿಸುವ ಮುಂಚೆಯೂ ಮೂರು ಗಂಟೆಯಲ್ಲಿ ಇಆರ್‌ಪಿ ಎಷ್ಟು ಹೊತ್ತು ಎಂದು ಕೇಳಿ. ನಾವು ವಿಚಾರಿಸಿದ ಒಂದು ಕಡೆ ಚಿತ್ರ ಬಿಡಿಸುವುದು, ಉಸಿರಾಟದ ಅಭ್ಯಾಸ, ಹರಟೆ ಎಲ್ಲ ಕಳೆದು ಅರ್ಧ ಗಂಟೆ ಉಳಿಯುತ್ತಿತ್ತು. ಶುಲ್ಕ ಮಾತ್ರ ಪೂರ್ತಿ ಮೂರು ಗಂಟೆಯದು.