ನೈವೇಲಿ ಲಿಗ್ನೈಟಿಗೆ ಮೂರು ಉಪಚಾರ: ಅಸಿಟೋನ್, ಕ್ಷಾರ, ಅಣಬೆಯ ಕಿಣ್ವ

ಕಾಫಿ ನರ್ಸರಿಗೆ ನಾವು ಕೊಂಡು ತರುವ ಪೊಟ್ಯಾಸಿಯಂ ಹ್ಯೂಮೇಟಿನ (ಮಣ್ಣಿಗೆ ಹಾಕುವ ಹ್ಯೂಮಿಕ್ ಆಮ್ಲದ ಲವಣ) ಮೂಲವಸ್ತು ಹೆಚ್ಚಾಗಿ ಲಿಗ್ನೈಟ್, ಅಂದರೆ ಇನ್ನೂ ಪೂರ್ತಿ ಮಾಗದ ಕಂದು ಕಲ್ಲಿದ್ದಲು. ಅದನ್ನು ಕರಗಿಸಲು ಕ್ಷಾರವೊಂದೇ ದಾರಿಯೇ ಎಂದು ತಿಳಿಯಲು, ಕಳೆದ ಮಳೆಗಾಲದಲ್ಲಿ ಪೊನ್ನಂಪೇಟೆಯ ನಮ್ಮ ತೋಟದ ಶೆಡ್ಡಿನಲ್ಲಿ ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಪುಡಿಯನ್ನು ತಲಾ 20 ಗ್ರಾಂನಂತೆ ಜಾಡಿಗಳಿಗೆ ಹಾಕಿ ಪರೀಕ್ಷಿಸಿದೆ.

ಅಸಿಟೋನ್ ತೆಳು ಹಳದಿ ಬಣ್ಣಕ್ಕೆ ತಿರುಗಿತಷ್ಟೆ. ಆವಿಯಾದ ಮೇಲೆ ಉಳಿದದ್ದು ಮೇಣ ಮತ್ತು ರಾಳದ ಅಂಟು. ಅದು ಮಣ್ಣಿಗೆ ಪ್ರಯೋಜನವಿಲ್ಲ, ಜೊತೆಗೆ ಬೆಂಕಿಯ ಭಯ ಬೇರೆ.

ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವಾದರೋ ಮರುದಿನ ಬೆಳಗ್ಗೆಯೇ ಗಟ್ಟಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಸೋಸಿದ ದ್ರವಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸುತ್ತ ಪಿಎಚ್ 2ಕ್ಕೆ ಇಳಿಸಿದಾಗ ಹ್ಯೂಮಿಕ್ ಆಮ್ಲ ಕಂದು ಚೂರುಗಳಾಗಿ ತಳಕ್ಕಿಳಿಯಿತು, ಆಮ್ಲದಲ್ಲೂ ಕರಗಿಯೇ ಇರುವ ಹಳದಿಯ ಫುಲ್ವಿಕ್ ಅಂಶ ಮೇಲೆಯೇ ಉಳಿಯಿತು. ಆದರೆ ಕ್ಷಾರವು ಲಿಗ್ನೈಟಿನ ದೊಡ್ಡ ಅಣುಗಳನ್ನು ಹೆಚ್ಚು ಒಡೆಯುವುದಿಲ್ಲ. ಅವುಗಳ ಆಮ್ಲೀಯ ಗುಂಪುಗಳಿಗೆ ವಿದ್ಯುದಂಶ ಕೊಟ್ಟು ನೀರಿಗೆ ಒಗ್ಗಿಸುತ್ತದೆ.

ನನ್ನ ಆಸಕ್ತಿಯೆಲ್ಲ ಮೂರನೆಯ ಜಾಡಿಯ ಮೇಲಿತ್ತು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಕೊರೆಯುವ ಲ್ಯಾಕೇಸ್ ಕಿಣ್ವವನ್ನು ಚಿಪ್ಪು ಅಣಬೆ ಸ್ರವಿಸುತ್ತದೆ. ಲಿಗ್ನೈಟ್ ಹುಟ್ಟಿದ್ದೂ ಲಿಗ್ನಿನ್ ಇರುವ ಅಂಥ ಸಸ್ಯಗಳಿಂದಲೇ. ಮರ ಕೊಳೆಸುವ ಶಿಲೀಂಧ್ರಗಳು ಲಿಗ್ನೈಟನ್ನು ಕಪ್ಪು ದ್ರವವಾಗಿಸುತ್ತವೆಂದು 1982ರಲ್ಲೇ ವರದಿಯಾಗಿತ್ತು. ಅಣಬೆ ಕೊಯ್ದು ಮುಗಿದ ಭತ್ತದ ಹುಲ್ಲಿನ ಚೀಲವನ್ನು ಪುಡಿಯೊಂದಿಗೆ ಬೆರೆಸಿ, ತೇವ ಮತ್ತು ಗಾಳಿ ತಪ್ಪದಂತೆ ಐದು ವಾರ ಇಟ್ಟೆ. ಹುಲ್ಲಿನದೇ ಬಣ್ಣ ಮೋಸ ಮಾಡಬಾರದೆಂದು ಲಿಗ್ನೈಟ್ ಇಲ್ಲದ ಜಾಡಿಯನ್ನೂ, ಕಿಣ್ವ ಕೆಡುವಂತೆ ಕುದಿಸಿದ ಅದೇ ಹುಲ್ಲಿಗೆ ಲಿಗ್ನೈಟ್ ಬೆರೆಸಿದ ಜಾಡಿಯನ್ನೂ ಪಕ್ಕದಲ್ಲಿಟ್ಟೆ. ಜೀವಂತ ಅಣಬೆಯ ಜಾಡಿಯ ಬಣ್ಣವೇ ಎಲ್ಲಕ್ಕಿಂತ ಗಾಢವಾಗಿತ್ತು. ಆದರೂ ಕುದಿಸಿದ ಜಾಡಿ ಕೂಡ ಹುಲ್ಲಷ್ಟೇ ಇದ್ದ ಜಾಡಿಗಿಂತ ಸ್ಪಷ್ಟವಾಗಿ ಕಪ್ಪಾಗಿತ್ತಾದ್ದರಿಂದ, ಎಲ್ಲ ಕೀರ್ತಿಯನ್ನೂ ಕಿಣ್ವಕ್ಕೆ ಕೊಡಲಾರೆ: ಶಿಲೀಂಧ್ರ ಬಿಡುವ ಆಕ್ಸಲೇಟ್ (ಆಕ್ಸಾಲಿಕ್ ಆಮ್ಲದ ರೂಪ), ಹ್ಯೂಮಿಕ್ ಅಂಶವನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ, ಕುದಿಸಿದರೂ ಅದು ನಾಶವಾಗುವುದಿಲ್ಲ.

ಕ್ಷಾರದ ವೇಗಕ್ಕೆ ಅಣಬೆ ಸಾಟಿಯಲ್ಲ. ಆದರೆ ಐದು ವಾರದ ಆ ಮಿಶ್ರಣವನ್ನು ಅರ್ಧದಷ್ಟು ಕ್ಷಾರದಲ್ಲಿ ನೆನೆಸಿ, ಸೋಸಿ ಆಮ್ಲ ಸೇರಿಸಿದಾಗ, ಮೊದಲಿನ ಪೂರ್ಣ ಕ್ಷಾರ ಕೊಟ್ಟಷ್ಟೇ ಹ್ಯೂಮಿಕ್ ಗಸಿ ತಳಕ್ಕಿಳಿಯಿತು. ಆದ್ದರಿಂದ ನರ್ಸರಿಗೆ ಈ ಎರಡು ಹಂತದ ಕ್ರಮವನ್ನೇ ಆರಿಸಿಕೊಂಡಿದ್ದೇನೆ: ಕ್ಷಾರ ಕಡಿಮೆಯಾದರೆ, ಸಸಿಗಳಿಗೆ ಹಾಕುವ ಮೊದಲು ದ್ರವವನ್ನು ಪಿಎಚ್ 7ರ ಹತ್ತಿರಕ್ಕೆ ತರಲು ಬೇಕಾಗುವ ಆಮ್ಲವೂ ಅಷ್ಟೇ ಕಡಿಮೆಯಾಗುತ್ತದೆ.